ಹಳೆಯ ಮೋಟಾರ್ ಸೈಕಲ್‌ಗೆ ಪೆಟ್ರೋಲ್ ಮತ್ತು ವ್ಯಾಕ್ಯೂಮ್ ಪೈಪ್‌ಗಳ ಜೋಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯ ತೋಟದ ಮನೆಗಳಲ್ಲೂ ಕೊಬ್ಬರಿ ಗೋದಾಮುಗಳ ಮೂಲೆಗಳಲ್ಲೂ ವರ್ಷಗಟ್ಟಲೆ ನಿಂತಿದ್ದ ಯಮಹಾ ಆರ್‌ಎಕ್ಸ್ 100, ಯೆಜ್ಡಿ, ಸ್ಪ್ಲೆಂಡರ್, ಮೊದಲ ತಲೆಮಾರಿನ ಪಲ್ಸರ್‌ಗಳನ್ನು ಮತ್ತೆ ರಸ್ತೆಗಿಳಿಸುವವರು ಈಗ ಬಹಳ ಮಂದಿ ಇದ್ದಾರೆ. ಕಾರ್ಬುರೇಟರ್ ತೊಳೆದು, ಟ್ಯಾಂಕಿಗೆ ಬಣ್ಣ ಹೊಡೆಸಿ, ಎಲ್ಲವನ್ನೂ ಮರಳಿ ಕೂರಿಸುವ ಹೊತ್ತಿಗೆ ಎರಡು ಮೂರು ಪೈಪ್‌ಗಳು ಎಲ್ಲಿಗೆ ಸೇರಬೇಕೆಂದು ತಿಳಿಯದೆ ಕೆಲಸ ನಿಂತುಬಿಡುತ್ತದೆ. ಇಲ್ಲಿನ ಉತ್ತರಗಳು ಕಾರ್ಬುರೇಟರ್ ಇರುವ ಗಾಡಿಗಳಿಗೆ ಮಾತ್ರ ಸಂಬಂಧಿಸಿದವು. ಇಂಜೆಕ್ಷನ್ ಗಾಡಿಗಳಲ್ಲಿ ಪಂಪಿನ ಒತ್ತಡ ಇರುವುದರಿಂದ ಅವುಗಳ ಪೈಪು, ಕ್ಲಿಪ್ಪು, ಬಿಚ್ಚುವ ಕ್ರಮ ಎಲ್ಲವೂ ಬೇರೆ.

ಪ್ರಶ್ನೆ: ಕಾರ್ಬುರೇಟರ್ ಸುತ್ತ ಇಷ್ಟೊಂದು ಪೈಪ್‌ಗಳಿವೆ. ಯಾವುದು ಯಾವುದಕ್ಕೆ?

ಪೈಪ್‌ಗಳನ್ನು ಅವು ಮಾಡುವ ಕೆಲಸದಿಂದ ಗುರುತಿಸಬೇಕೇ ಹೊರತು ದಪ್ಪದಿಂದಲ್ಲ. ಟ್ಯಾಂಕಿನ ಕೆಳಗಿರುವ ಪೆಟ್ರೋಲ್ ಕಾಕ್‌ನಿಂದ ಹೊರಟು, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇರುವ ಬಟ್ಟಲಿನ ಮೇಲ್ಭಾಗಕ್ಕೆ ಸೇರುವುದು ಪೆಟ್ರೋಲ್ ಪೈಪ್. ಇಂಜಿನ್ ಮತ್ತು ಕಾರ್ಬುರೇಟರ್ ನಡುವಿನ ಮ್ಯಾನಿಫೋಲ್ಡ್‌ನಲ್ಲಿ ಒಂದು ಸಣ್ಣ ಮೂತಿ ಇದ್ದರೆ, ಅಲ್ಲಿಂದ ಹೊರಡುವುದು ಇಂಜಿನ್ನಿನ ಎಳೆತವನ್ನು ಇನ್ನೊಂದು ಭಾಗಕ್ಕೆ ತಲುಪಿಸುವ ವ್ಯಾಕ್ಯೂಮ್ ಪೈಪ್. ಕಾರ್ಬುರೇಟರ್‌ನ ಪಕ್ಕದಿಂದ ಹೊರಟು ಎಲ್ಲಿಗೂ ಸೇರದೆ ತೆರೆದುಕೊಂಡೇ ಇರುವ ಪೈಪ್‌ಗಳು ಬಟ್ಟಲಿನ ಗಾಳಿದಾರಿಗಳು. ಬಟ್ಟಲಿನ ತಳದಿಂದ ನೆಲದ ಕಡೆಗೆ ಇಳಿಯುವುದು ಹೆಚ್ಚಾದ ಪೆಟ್ರೋಲನ್ನು ಹೊರಹಾಕುವ ಓವರ್‌ಫ್ಲೋ ಪೈಪ್.

ಇವಲ್ಲದೆ ಇನ್ನೆರಡು ಪೈಪ್‌ಗಳು ಗೊಂದಲ ಹುಟ್ಟಿಸುತ್ತವೆ. ಕೆಲವು ಗಾಡಿಗಳಲ್ಲಿ ಟ್ಯಾಂಕಿನ ಮುಚ್ಚಳದ ಸುತ್ತ ನಿಲ್ಲುವ ಮಳೆನೀರನ್ನು ಕೆಳಗೆ ಸಾಗಿಸಲು ಟ್ಯಾಂಕಿನ ಒಳಗಿನಿಂದಲೇ ಒಂದು ಕೊಳವೆ ಹಾದುಹೋಗಿ ತಳದಲ್ಲಿ ಮೂತಿಯಾಗಿ ಕಾಣಿಸುತ್ತದೆ. ಅದರಲ್ಲಿ ಪೆಟ್ರೋಲ್ ಬರುವುದಿಲ್ಲ, ಅದನ್ನು ಕಾರ್ಬುರೇಟರ್‌ಗೆ ಜೋಡಿಸಬಾರದು. ಇನ್ನೊಂದು, ನಾಲ್ಕು ಸ್ಟ್ರೋಕ್ ಗಾಡಿಗಳ ಇಂಜಿನ್ನಿನಿಂದ ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗುವ ದಪ್ಪ ಪೈಪ್. ಅದು ಇಂಜಿನ್ನಿನ ಉಸಿರು. ಅದನ್ನು ಮುಚ್ಚಿದರೆ ಒಳಗಿನ ಒತ್ತಡ ಹೆಚ್ಚಿ ಸೀಲ್‌ಗಳ ಬದಿಯಿಂದ ಆಯಿಲ್ ಜಿನುಗತೊಡಗುತ್ತದೆ.

ಪ್ರಶ್ನೆ: ನನ್ನ ಗಾಡಿಯ ಕಾಕ್ ಸಾಧಾರಣದ್ದೋ ವ್ಯಾಕ್ಯೂಮ್‌ನದೋ ಎಂದು ತಿಳಿಯುವುದು ಹೇಗೆ?

ಕಾಕ್‌ನ ಹಿಡಿಯ ಸುತ್ತ ಬರೆದಿರುವುದನ್ನು ನೋಡಿರಿ. ಆನ್, ರಿಸರ್ವ್, ಆಫ್ ಎಂದಿದ್ದರೆ ಅದು ಸಾಧಾರಣ ಕಾಕ್. ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುತ್ತದೆ, ಮುಚ್ಚಬೇಕಾದರೆ ಕೈಯಿಂದಲೇ ತಿರುಗಿಸಬೇಕು. ಆರ್‌ಎಕ್ಸ್ 100 ಸೇರಿದಂತೆ ನಮ್ಮಲ್ಲಿನ ಹಳೆಯ ಮೋಟಾರ್ ಸೈಕಲ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಆಫ್ ಇರುವ ಜಾಗದಲ್ಲಿ ಪ್ರೈಮ್ ಎಂದಿದ್ದು, ಕಾಕ್‌ನ ಹಿಂಬದಿಯಲ್ಲಿ ದುಂಡಗಿನ ಮುಚ್ಚಳ ಮತ್ತು ಎರಡನೆಯ ಸಣ್ಣ ಮೂತಿ ಇದ್ದರೆ ಅದು ವ್ಯಾಕ್ಯೂಮ್ ಕಾಕ್. ಹೊರದೇಶದಿಂದ ಬಂದ ಹಳೆಯ ಜಪಾನಿ ಗಾಡಿಗಳಲ್ಲಿ ಇದು ಸಾಮಾನ್ಯ. ಕಾರ್ಬುರೇಟರ್ ಇರುವ ಅನೇಕ ಗೇರಿಲ್ಲದ ಸ್ಕೂಟರ್‌ಗಳಲ್ಲಿ ಹಿಡಿಯೇ ಇಲ್ಲದ ಇದೇ ಬಗೆಯ ಕಾಕ್ ಇರುತ್ತದೆ.

ಪ್ರಶ್ನೆ: ವ್ಯಾಕ್ಯೂಮ್ ಕಾಕ್‌ನ ಎರಡು ಮೂತಿಗಳಲ್ಲಿ ಯಾವುದಕ್ಕೆ ಯಾವ ಪೈಪ್?

ದೊಡ್ಡ ಮೂತಿಯಿಂದ ಕಾರ್ಬುರೇಟರ್‌ಗೆ ಪೆಟ್ರೋಲ್ ಪೈಪ್, ಸಣ್ಣ ಮೂತಿಯಿಂದ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಪೈಪ್. ಕಾಕ್‌ನ ಒಳಗೆ ತೆಳುವಾದ ರಬ್ಬರ್ ಡಯಾಫ್ರಮ್ ಇದ್ದು, ಸ್ಪ್ರಿಂಗ್ ಅದನ್ನು ಒತ್ತಿ ಪೆಟ್ರೋಲಿನ ದಾರಿಯನ್ನು ಮುಚ್ಚಿರುತ್ತದೆ. ಇಂಜಿನ್ ತಿರುಗಿದಾಗ ಮ್ಯಾನಿಫೋಲ್ಡ್‌ನಲ್ಲಿ ಉಂಟಾಗುವ ಎಳೆತ ಡಯಾಫ್ರಮ್ಮನ್ನು ಹಿಂದಕ್ಕೆ ಸೆಳೆದು ದಾರಿ ಬಿಡುತ್ತದೆ. ಇಂಜಿನ್ ನಿಂತೊಡನೆ ಮತ್ತೆ ಮುಚ್ಚುತ್ತದೆ. ಆದ್ದರಿಂದ ಸಣ್ಣ ಪೈಪನ್ನು ತಪ್ಪಾಗಿ ಬಟ್ಟಲಿನ ಗಾಳಿದಾರಿಗೆ ಸಿಕ್ಕಿಸಿದರೆ ಎಳೆತವೇ ಸಿಗದೆ ಪೆಟ್ರೋಲ್ ಇಳಿಯುವುದಿಲ್ಲ. ಬಟ್ಟಲಿನಲ್ಲಿ ಇದ್ದಷ್ಟು ಪೆಟ್ರೋಲ್‌ನಲ್ಲಿ ಗಾಡಿ ಓಣಿಯ ತುದಿಯವರೆಗೆ ಓಡಿ ನಿಲ್ಲುತ್ತದೆ, ಮಾಲೀಕರು ಕಾರ್ಬುರೇಟರನ್ನು ಮತ್ತೊಮ್ಮೆ ಬಿಚ್ಚುತ್ತಾರೆ. ಬಿಚ್ಚುವ ಮೊದಲು ಆ ಪೈಪ್ ಎಲ್ಲಿಗೆ ಹೋಗಿದೆ ಎಂದು ನೋಡುವುದು ಒಳಿತು.

ಪ್ರೈಮ್ ಎಂಬ ಸ್ಥಾನದಲ್ಲಿ ಡಯಾಫ್ರಮ್‌ನ ಹಂಗಿಲ್ಲದೆ ಪೆಟ್ರೋಲ್ ನೇರವಾಗಿ ಇಳಿಯುತ್ತದೆ. ಕಾರ್ಬುರೇಟರ್ ತೊಳೆದು ಕೂರಿಸಿದ ಮೇಲೆ ಖಾಲಿ ಬಟ್ಟಲನ್ನು ತುಂಬಿಸಲು ಅದನ್ನು ಒಂದೆರಡು ನಿಮಿಷ ಬಳಸಿ, ಮರಳಿ ಆನ್‌ಗೆ ತರಬೇಕು. ಪ್ರೈಮ್‌ನಲ್ಲಿಯೇ ರಾತ್ರಿಯಿಡೀ ಬಿಡುವುದು ಸಾಧಾರಣ ಕಾಕನ್ನು ತೆರೆದು ಬಿಟ್ಟಂತೆಯೇ.

ಪ್ರಶ್ನೆ: ಕಾಕ್ ಸಾಧಾರಣದ್ದೇ. ಆದರೂ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಪೈಪ್ ಹೊರಟಿದೆ, ಅದೇನು?

ಹೊಗೆ ನಿಯಮಗಳು ಬಿಗಿಯಾದ ಮೇಲೆ ಬಂದ ಅನೇಕ ಗಾಡಿಗಳಲ್ಲಿ, ಸೈಲೆನ್ಸರ್ ದಾರಿಗೆ ಸ್ವಲ್ಪ ಹೊಸ ಗಾಳಿ ಬಿಟ್ಟು ಉಳಿದ ಹೊಗೆಯನ್ನು ಸುಡುವ ಏರ್ ಇಂಜೆಕ್ಷನ್ ವಾಲ್ವ್ ಇರುತ್ತದೆ. ಆ ಸಣ್ಣ ಪೈಪ್ ಅದಕ್ಕೆ ಹೋಗುತ್ತದೆ. ಆಕ್ಸಿಲರೇಟರ್ ಒಮ್ಮೆಲೆ ಬಿಟ್ಟಾಗ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಜೋರಾಗುತ್ತದೆ. ಆ ಎಳೆತ ವಾಲ್ವನ್ನು ಮುಚ್ಚಿ, ಸೈಲೆನ್ಸರ್ ಒಳಗೆ ಪಟಪಟ ಸಿಡಿಯುವುದನ್ನು ತಡೆಯುತ್ತದೆ. ಯಾರೋ ಅದನ್ನು ದಂಡವೆಂದು ಕಿತ್ತು ಮೂತಿಯನ್ನು ತೆರೆದೇ ಬಿಟ್ಟಿರುವ ಗಾಡಿಗಳು ಬಹಳ ಸಿಗುತ್ತವೆ. ಕಿತ್ತಿದ್ದಕ್ಕಿಂತ ಮೂತಿಯನ್ನು ತೆರೆದು ಬಿಟ್ಟದ್ದೇ ಹೆಚ್ಚಿನ ಹಾನಿ. ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಸ್ಲೋ (ಆಕ್ಸಿಲರೇಟರ್ ಮುಟ್ಟದಿದ್ದಾಗಿನ ಇಂಜಿನ್ ವೇಗ) ಏರಿಳಿಯುತ್ತದೆ, ಇಂಜಿನ್ ಬಿಸಿಯಾಗುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಯಾವ ಪೈಪ್ ಕೇಳಬೇಕು? ಬಣ್ಣದ ಪಾರದರ್ಶಕ ಪೈಪ್ ಹಾಕಬಹುದೇ?

ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಬೇಡ ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಪೆಟ್ರೋಲ್ ಹರಿಯುವುದು ಕಾಣುತ್ತದೆ ಎಂಬ ಒಂದು ಅನುಕೂಲಕ್ಕಾಗಿ ಅದನ್ನು ಹಾಕಿಸಿಕೊಳ್ಳುತ್ತಾರೆ. ಆದರೆ ಪೆಟ್ರೋಲ್ ಮತ್ತು ಇಂಜಿನ್ನಿನ ಕಾವಿಗೆ ಸಾಧಾರಣ ಪಿವಿಸಿ ಪೈಪ್ ಹಳದಿಗಟ್ಟಿ, ಕಡ್ಡಿಯಂತೆ ಗಟ್ಟಿಯಾಗಿ, ಕ್ಲಿಪ್ ಹಿಡಿದ ಜಾಗದಲ್ಲಿ ಸೀಳುತ್ತದೆ. ಪಾವಗಡ, ಮಧುಗಿರಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲುವ ಗಾಡಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮೀನಿನ ತೊಟ್ಟಿಯ ಗಾಳಿ ಪೈಪ್, ಗಾರೆ ಕೆಲಸದವರ ಲೆವೆಲ್ ಪೈಪ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ನೋಡಲು ಚೆಂದವಾಗಿರುವ ಸಾಧಾರಣ ಸಿಲಿಕಾನ್ ಪೈಪ್ ಪೆಟ್ರೋಲಿಗೆ ಉಬ್ಬುತ್ತದೆ. ಅದನ್ನು ಪೆಟ್ರೋಲ್ ದಾರಿಗೆ ಬಳಸಬಾರದು.

ಒಳಗೆ ನೈಟ್ರೈಲ್ ರಬ್ಬರ್, ನಡುವೆ ನೂಲಿನ ಹೆಣಿಗೆ, ಹೊರಗೆ ಕಪ್ಪು ಹೊದಿಕೆ ಇರುವ ಪೆಟ್ರೋಲ್ ಪೈಪ್ ಕೇಳಿರಿ. ಪೈಪ್ ಮೇಲೆ ಎಸ್‌ಎಇ ಜೆ30 ಆರ್7 ಎಂಬ ಮುದ್ರೆ ಇದ್ದರೆ ಅದು ಕಾರ್ಬುರೇಟರ್ ಗಾಡಿಗಳ ಕಡಿಮೆ ಒತ್ತಡಕ್ಕೆ ತಕ್ಕದ್ದು. ಆರ್9 ಮುದ್ರೆಯದು ಇಂಜೆಕ್ಷನ್ ಗಾಡಿಗಳಿಗೆಂದು ಮಾಡಿದ್ದು. ದುಬಾರಿಯಾದರೂ ಇಲ್ಲಿ ಹಾಕಲು ಅಡ್ಡಿಯಿಲ್ಲ. ಅಳತೆಗೆ ಹಳೆಯ ಪೈಪನ್ನು ನಂಬಬೇಡಿರಿ, ಅದು ಉಬ್ಬಿರುತ್ತದೆ. ಮೂತಿಯನ್ನೇ ವರ್ನಿಯರ್‌ನಿಂದ ಅಳೆದು, ಅದರ ತುದಿಯ ಉಬ್ಬಿಗಿಂತ ಸ್ವಲ್ಪ ಕಡಿಮೆ ಒಳವ್ಯಾಸದ ಪೈಪ್ ತೆಗೆದುಕೊಳ್ಳಬೇಕು. ಸಣ್ಣ ಗಾಡಿಗಳಲ್ಲಿ ಪೆಟ್ರೋಲ್ ಪೈಪ್‌ನ ಒಳವ್ಯಾಸ ಸಾಮಾನ್ಯವಾಗಿ 5ರಿಂದ 8 ಮಿ.ಮೀ., ವ್ಯಾಕ್ಯೂಮ್ ಪೈಪ್‌ನದು 3ರಿಂದ 5 ಮಿ.ಮೀ. ಇರುತ್ತದೆ. ವ್ಯಾಕ್ಯೂಮ್ ಪೈಪ್‌ನ ಗೋಡೆ ದಪ್ಪವಾಗಿರಬೇಕು, ಇಲ್ಲವಾದರೆ ಎಳೆತಕ್ಕೆ ಅದು ಒಳಕ್ಕೆ ಕುಸಿದು ದಾರಿ ಕಟ್ಟುತ್ತದೆ.

ಪ್ರಶ್ನೆ: ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್‌ನಿಂದ ಹಳೆಯ ಪೈಪ್ ಹಾಳಾಗುವುದು ನಿಜವೇ?

ನಿಜ, ಆದರೆ ಎಲ್ಲ ತೊಂದರೆಯನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ. ಶೇಕಡಾ 20 ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಪ್ತಾಹದಲ್ಲಿ ಬಿಡುಗಡೆಯಾಯಿತು, ಅದೂ ನಮ್ಮ ತುಮಕೂರು ರಸ್ತೆಯ ಬದಿಯಲ್ಲೇ. 1980 ಮತ್ತು 90ರ ದಶಕದ ಗಾಡಿಗಳ ರಬ್ಬರ್ ಭಾಗಗಳನ್ನು ಆಯ್ದುಕೊಂಡಾಗ ಇಂಥ ಮಿಶ್ರಣ ಯಾರ ಲೆಕ್ಕದಲ್ಲೂ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಜಿಗುಟನ್ನು ಕರಗಿಸಿ ಕೆಳಗೆ ತರುತ್ತದೆ. ಆದ್ದರಿಂದ ಪೈಪ್ ಬದಲಿಸುವಾಗ ಕಾಕ್‌ನ ವಾಷರ್ ಮತ್ತು ಡಯಾಫ್ರಮ್, ಬಟ್ಟಲಿನ ಓ ರಿಂಗ್ ಕೂಡ ನೋಡಿರಿ. ವೈಟಾನ್ ಎಂಬ ರಬ್ಬರ್‌ನಿಂದ ಮಾಡಿದವು ಸಿಕ್ಕರೆ ಅವು ಹೆಚ್ಚು ತಾಳುತ್ತವೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ಬಟ್ಟಲನ್ನು ಖಾಲಿ ಮಾಡಿ ನಿಲ್ಲಿಸುವುದು ಉತ್ತಮ.

ಪ್ರಶ್ನೆ: ಬಿಚ್ಚುವ ಮೊದಲು ಏನೇನು ಎಚ್ಚರಿಕೆ ಬೇಕು?

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕೆಲಸ ಬಯಲಿನಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ ನಡೆಯಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ, ಬಾಗಿಲ ಸಂದಿನಿಂದ ಒಳಗೂ ನುಗ್ಗುತ್ತದೆ. ಹಜಾರದಲ್ಲಿ ಗಾಡಿ ಬಿಚ್ಚಿಕೊಂಡು ಕುಳಿತಾಗ ಒಳಗಿನ ಅಡುಗೆ ಒಲೆ, ದೇವರ ಮುಂದಿನ ದೀಪ, ಸೊಳ್ಳೆ ಬತ್ತಿ ಇವೆಲ್ಲವೂ ಅಪಾಯವೇ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆದಿಡಿರಿ. ಹತ್ತಿರದಲ್ಲಿ ಒಂದು ಬಕೆಟ್ ಒಣ ಮರಳು ಇಲ್ಲವೇ ಪುಡಿಯ ಅಗ್ನಿಶಾಮಕ ಇರಲಿ. ಉರಿಯುವ ಪೆಟ್ರೋಲ್ ಮೇಲೆ ನೀರು ಸುರಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ.

ಸಾಧಾರಣ ಕಾಕ್ ಇದ್ದರೆ ಆಫ್ ಮಾಡಿ, ವ್ಯಾಕ್ಯೂಮ್ ಕಾಕ್ ಇದ್ದರೆ ಆನ್‌ನಲ್ಲಿಯೇ ಇರಿಸಿ ಪೈಪ್ ತೆಗೆಯಬೇಕು. ಬಿಚ್ಚುವುದಕ್ಕೆ ಮುಂಚೆ ಎರಡೂ ಬದಿಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೆದು, ಪ್ರತಿ ಪೈಪ್‌ಗೂ ಟೇಪ್ ಸುತ್ತಿ ಗುರುತು ಬರೆದರೆ ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಆದರೆ ಹಿಂದಿನವರು ತಪ್ಪಾಗಿ ಜೋಡಿಸಿದ್ದರೆ ಫೋಟೋ ಕೂಡ ಆ ತಪ್ಪನ್ನೇ ತೋರಿಸುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಹಳೆಯ ಪೈಪ್ ಮೂತಿಯಿಂದ ಕಳಚುತ್ತಿಲ್ಲ. ಎಳೆಯಬಹುದೇ?

ಎಳೆಯಬಾರದು. ಕಾರ್ಬುರೇಟರ್‌ನ ಹಿತ್ತಾಳೆ ಮೂತಿಯನ್ನು ಒತ್ತಿ ಕೂರಿಸಿರುತ್ತಾರೆ. ಜೋರಾಗಿ ಎಳೆದರೆ ಪೈಪ್ ಜೊತೆಗೆ ಮೂತಿಯೇ ಕಿತ್ತು ಬರಬಹುದು. ಹೇಗೂ ಪೈಪ್ ಬದಲಿಸುವುದಾದರೆ ಬ್ಲೇಡಿನಿಂದ ಅದನ್ನು ಉದ್ದಕ್ಕೆ, ಮೂತಿಗೆ ಗೀರು ಬೀಳದಂತೆ ಸೀಳಿ ಸುಲಿಯಿರಿ. ಗೀರು ಬಿದ್ದ ಮೂತಿ ಮುಂದೆ ಹೊಸ ಪೈಪ್‌ನಲ್ಲೂ ಜಿನುಗುತ್ತದೆ. ಹೊಸ ಪೈಪ್‌ನ ತುದಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಒರೆಸಿ, ತಿರುಗಿಸುತ್ತಾ ಒತ್ತಿದರೆ ಸಲೀಸಾಗಿ ಏರುತ್ತದೆ. ಗ್ರೀಸ್ ಹಚ್ಚುವ ಅಭ್ಯಾಸ ಬೇಡ. ಪೈಪ್ ಮೂತಿಯ ಉಬ್ಬನ್ನು ದಾಟಿ ಬುಡದವರೆಗೆ ಕೂರಬೇಕು. ಕ್ಲಿಪ್ ಉಬ್ಬಿನ ಮೇಲಲ್ಲ, ಅದರ ಹಿಂದೆ ಬರಬೇಕು.

ಪ್ರಶ್ನೆ: ಕ್ಲಿಪ್ ಬದಲು ಬೈಂಡಿಂಗ್ ವೈರ್ ಅಥವಾ ಪ್ಲಾಸ್ಟಿಕ್ ಟ್ಯಾಗ್ ಸಾಕಲ್ಲವೇ?

ಪೆಟ್ರೋಲ್ ಪೈಪ್‌ಗೆ ಎರಡೂ ಬೇಡ. ತಂತಿ ರಬ್ಬರನ್ನು ಕೊಯ್ಯುತ್ತದೆ, ಟ್ಯಾಗ್ ಕಾವಿಗೆ ಸಡಿಲವಾಗುತ್ತದೆ. ಗಾಡಿಯೊಂದಿಗೆ ಬರುವಂಥ ಸ್ಪ್ರಿಂಗ್ ಕ್ಲಿಪ್ ಎಲ್ಲ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆಯೂ ಅಲ್ಪ.

ಪ್ರಶ್ನೆ: ಪೈಪನ್ನು ಯಾವ ದಾರಿಯಲ್ಲಿ ಹಾಯಿಸಬೇಕು? ಫಿಲ್ಟರ್ ಬೇಕೇ?

ಕಾಕ್‌ನಿಂದ ಕಾರ್ಬುರೇಟರ್‌ವರೆಗೆ ಪೆಟ್ರೋಲ್ ಪೈಪ್ ಇಳಿಜಾರಾಗಿಯೇ ಇರಬೇಕು. ಪಂಪ್ ಇಲ್ಲದ ಈ ಏರ್ಪಾಟಿನಲ್ಲಿ ಪೈಪ್ ನಡುವೆ ಮೇಲೆದ್ದು ಬಾಗಿದರೆ ಅಲ್ಲಿ ಗಾಳಿ ನಿಂತು ಹರಿವು ಕುಂಠಿತವಾಗುತ್ತದೆ. ಉದ್ದ ಹೆಚ್ಚಾದರೆ ಮಡಿಕೆ ಬೀಳುತ್ತದೆ, ಕಡಿಮೆಯಾದರೆ ಇಂಜಿನ್ನಿನ ಅದುರಿಗೆ ಮೂತಿಯಿಂದ ಜಾರುತ್ತದೆ. ಸೈಲೆನ್ಸರ್ ಬೆಂಡ್ ಮತ್ತು ಇಂಜಿನ್ನಿನ ರೆಕ್ಕೆಗಳಿಂದ ದೂರವಿರಲಿ. ಟ್ಯಾಂಕ್ ಕೂರಿಸಿದ ಮೇಲೆ ಒಮ್ಮೆ ಬೆರಳಾಡಿಸಿ ಪೈಪ್ ಎಲ್ಲೂ ಅದುಮಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿರಿ, ಏಕೆಂದರೆ ಟ್ಯಾಂಕ್ ಎತ್ತಿ ನೋಡುವಾಗ ಸರಿಯಿದ್ದ ಪೈಪ್ ಬೋಲ್ಟ್ ಬಿಗಿದ ಮೇಲೆ ಚಪ್ಪಟೆಯಾಗಿರುವುದು ಉಂಟು.

ಟ್ಯಾಂಕಿನ ಒಳಗೆ ತುಕ್ಕು ಇದ್ದರೆ ಫಿಲ್ಟರ್ ಉಪಯುಕ್ತ. ಅದು ಗಾಡಿಗೆ ತಕ್ಕ ಸಣ್ಣದಾಗಿರಲಿ, ಇಂಜೆಕ್ಷನ್ ಗಾಡಿಗಳದ್ದಾಗಿರಬಾರದು, ಅದರ ಮೇಲಿನ ಬಾಣ ಕಾರ್ಬುರೇಟರ್ ಕಡೆಗಿರಲಿ. ಆದರೂ ತುಕ್ಕನ್ನು ತೆಗೆಸದೆ ಫಿಲ್ಟರ್ ಮೇಲೆ ಫಿಲ್ಟರ್ ಬದಲಿಸುವುದು ದುಡ್ಡಿಗೂ ಸಮಯಕ್ಕೂ ನಷ್ಟ.

ಪ್ರಶ್ನೆ: ಊರೊಳಗೆ ಚೆನ್ನಾಗಿ ಓಡುತ್ತದೆ, ದೇವರಾಯನದುರ್ಗ ಹತ್ತುವಾಗ ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಏಕೆ?

ಇದು ಪೆಟ್ರೋಲ್ ಸಾಲದಾಗುವ ಲಕ್ಷಣ. ಬಿ.ಎಚ್. ರಸ್ತೆಯ ಸಿಗ್ನಲ್‌ಗಳ ನಡುವೆ ಇಂಜಿನ್ ಕೇಳುವ ಪೆಟ್ರೋಲ್ ಕಡಿಮೆ, ಸಣ್ಣ ಹರಿವೂ ಸಾಕಾಗುತ್ತದೆ. ನಾಮದ ಚಿಲುಮೆ ದಾಟಿ ಏರು ಶುರುವಾಗಿ ಆಕ್ಸಿಲರೇಟರ್ ಬಿಡದೆ ಹಿಡಿದಾಗ ಬಟ್ಟಲು ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತದೆ. ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆರೆಯಿರಿ. ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು ಕೇಳಿಸಿ, ಆಮೇಲೆ ಗಾಡಿ ಸರಾಗವಾಗಿ ಓಡಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ, ಪೈಪ್‌ನದು ತಪ್ಪಿಲ್ಲ. ತೋಟದ ಮನೆಯಲ್ಲಿ ನಿಂತಿದ್ದ ಗಾಡಿಗಳಲ್ಲಿ ಕುಂಬಾರ ಹುಳ ಇಂಥ ರಂಧ್ರಗಳಲ್ಲಿ, ತೆರೆದ ಪೈಪ್ ತುದಿಗಳಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ. ಹೊರಗಿನಿಂದ ಪೈಪ್ ಹೊಚ್ಚ ಹೊಸದರಂತೆ ಕಂಡರೂ ಒಳಗೆ ಒಣಗಿದ ಮಣ್ಣಿನ ಬಿರಡೆ ಇರುತ್ತದೆ.

ಸದ್ದು ಬಾರದಿದ್ದರೆ, ಪೈಪನ್ನು ಕಾರ್ಬುರೇಟರ್ ಬದಿಯಿಂದ ತೆಗೆದು ಬಾಟಲಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆ ಒಂದೇ ಸಮನೆ ಬೀಳಬೇಕು. ಮೊದಲು ಜೋರಾಗಿ ಬಂದು ಆಮೇಲೆ ಎಳೆ ಎಳೆಯಾದರೆ ಕಾಕ್‌ನ ಜಾಲರಿಯಲ್ಲಿ ಕಸವಿದೆ. ಈ ಪರೀಕ್ಷೆಯನ್ನು ಬಿಸಿ ಇಂಜಿನ್ ಮೇಲೆ ಬೆಟ್ಟದ ತಿರುವಿನಲ್ಲಿ ಮಾಡದೆ ಮನೆಯಲ್ಲಿ ಮಾಡಿರಿ.

ಪ್ರಶ್ನೆ: ಇಂಜಿನ್ ಆಯಿಲ್ ಮಟ್ಟ ಹೆಚ್ಚಾಗಿದೆ, ಪೆಟ್ರೋಲ್ ವಾಸನೆ ಬರುತ್ತಿದೆ. ಇದಕ್ಕೂ ಪೈಪ್‌ಗೂ ಸಂಬಂಧವಿದೆಯೇ?

ಇದೆ, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವ್ಯಾಕ್ಯೂಮ್ ಕಾಕ್‌ನ ಡಯಾಫ್ರಮ್ ಹರಿದರೆ ಪೆಟ್ರೋಲ್ ಸಣ್ಣ ಪೈಪ್‌ನ ಮೂಲಕವೇ ಮ್ಯಾನಿಫೋಲ್ಡ್‌ಗೆ, ಅಲ್ಲಿಂದ ಸಿಲಿಂಡರ್‌ಗೆ ಇಳಿಯುತ್ತದೆ. ಸಾಧಾರಣ ಕಾಕನ್ನು ಆಫ್ ಮಾಡದೆ ಬಿಟ್ಟು, ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಕೂಡ ಸವೆದಿದ್ದರೆ ಹೀಗೆಯೇ ಆಗಬಹುದು. ಪೆಟ್ರೋಲ್ ಬೆರೆತ ಆಯಿಲ್ ತೆಳುವಾಗಿ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಸಿಲಿಂಡರ್ ಒಳಗೆ ಪೆಟ್ರೋಲ್ ತುಂಬಿ ನಿಂತಿದ್ದಾಗ ಸೆಲ್ಫ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುವ ಸಂಭವವೂ ಇದೆ. ಗಾಡಿಯನ್ನು ಸ್ಟಾರ್ಟ್ ಮಾಡದೆ, ಪ್ಲಗ್ ಬಿಚ್ಚಿ ನೋಡಿ, ಆಯಿಲ್ ಬದಲಿಸಿ, ಕಾರಣವನ್ನು ಸರಿಪಡಿಸಿದ ಮೇಲೆಯೇ ಮುಂದಿನ ಮಾತು.

ಡಯಾಫ್ರಮ್ ಪರೀಕ್ಷೆಗೆ ಮೆಡಿಕಲ್ ಅಂಗಡಿಯ ಒಂದು ದೊಡ್ಡ ಸಿರಿಂಜ್ ಸಾಕು. ಸೂಜಿಯಿಲ್ಲದ ಸಿರಿಂಜನ್ನು ತುಂಡು ಪೈಪ್ ಮೂಲಕ ಕಾಕ್‌ನ ಸಣ್ಣ ಮೂತಿಗೆ ಸಿಕ್ಕಿಸಿ, ದೊಡ್ಡ ಮೂತಿಯ ಪೈಪನ್ನು ಬಾಟಲಿಗೆ ಇಳಿಬಿಡಿರಿ. ಹಿಡಿಯನ್ನು ಎಳೆದು ಹಾಗೆಯೇ ಹಿಡಿದಾಗ ಬಾಟಲಿಗೆ ಪೆಟ್ರೋಲ್ ಹರಿಯಬೇಕು, ಬಿಟ್ಟಾಗ ನಿಲ್ಲಬೇಕು. ಎಳೆದ ಹಿಡಿ ತಾನಾಗಿ ಮರಳದೆ ಸಡಿಲವಾಗಿದ್ದರೆ ಗಾಳಿ ಸೋರುತ್ತಿದೆ. ಸಿರಿಂಜ್ ಒಳಗೆ ಒಂದು ಹನಿ ಪೆಟ್ರೋಲ್ ಕಂಡರೂ ಡಯಾಫ್ರಮ್ ಹರಿದಿದೆ. ಕೆಲವರು ಬಾಯಿಯಿಂದಲೇ ಎಳೆದು ನೋಡುತ್ತಾರೆ. ಅದು ಖಂಡಿತ ಬೇಡ.

ಪ್ರಶ್ನೆ: ವ್ಯಾಕ್ಯೂಮ್ ಸೋರಿಕೆಯನ್ನು ಹುಡುಕುವುದು ಹೇಗೆ?

ಸ್ಲೋನಲ್ಲಿ ಇಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡ್ ಜೋಡಣೆ ಮತ್ತು ಸಣ್ಣ ಪೈಪ್‌ಗಳ ತುದಿಗೆ ಸೋಪಿನ ನೀರನ್ನು ಸಿಂಪಡಿಸಿ. ನೀರು ಬಿದ್ದ ಕ್ಷಣ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ ನೋಡುವ ರೂಢಿ ಗ್ಯಾರೇಜ್‌ಗಳಲ್ಲಿದೆ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಹತ್ತಿಕೊಳ್ಳುತ್ತದೆ. ವ್ಯಾಕ್ಯೂಮ್ ಪೈಪನ್ನು ನೋಸ್ ಪ್ಲೇಯರ್‌ನಿಂದ ಮೆಲ್ಲಗೆ ಅದುಮಿದಾಗ ಸ್ಲೋ ಸರಿಯಾಗುವುದಾದರೆ, ಅದುಮಿದ ಜಾಗದಿಂದ ಆಚೆಗೆ ತೊಂದರೆಯಿದೆ ಎಂದೂ ತಿಳಿಯಬಹುದು. ಗೋದಾಮಿನಲ್ಲಿ ನಿಂತಿದ್ದ ಗಾಡಿಯಾದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿರಿ.

ಪ್ರಶ್ನೆ: ವ್ಯಾಕ್ಯೂಮ್ ಕಾಕ್ ತೆಗೆದು ಸಾಧಾರಣ ಕಾಕ್ ಹಾಕಿಸಬಹುದೇ?

ಹಾಕಿಸಬಹುದು. ಡಯಾಫ್ರಮ್ ಸಿಗದ ಹಳೆಯ ಗಾಡಿಗಳಿಗೆ ಅದೇ ಸುಲಭದ ದಾರಿ. ಆಗ ಮ್ಯಾನಿಫೋಲ್ಡ್‌ನ ಮೂತಿಗೆ ರಬ್ಬರ್ ಟೋಪಿ ಹಾಕಿ ಕ್ಲಿಪ್ ಬಿಗಿಯಬೇಕು. ಎಂ-ಸೀಲ್ ತುಂಬಿಸಿದರೆ ಮುಂದೆ ತೆಗೆಯುವುದು ಕಷ್ಟ. ಕಾಕ್ ಹೊರಹಾಕುವ ಪೆಟ್ರೋಲ್ ಪ್ರಮಾಣ ಇಂಜಿನ್ನಿಗೆ ಸಾಕಾಗಬೇಕು. ನೂರು ಸಿಸಿ ಗಾಡಿಯ ಕಾಕ್ ದೊಡ್ಡ ಇಂಜಿನ್ನಿಗೆ ಸಾಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ನಿಲ್ಲಿಸಿದಾಗಲೆಲ್ಲ ಆಫ್ ಮಾಡುವ ಅಭ್ಯಾಸ ಮನೆಯ ಎಲ್ಲರಿಗೂ ಇರಬೇಕು. ಅದು ಸಾಧ್ಯವಿಲ್ಲವೆಂದಾದರೆ ವ್ಯಾಕ್ಯೂಮ್ ಕಾಕನ್ನೇ ದುರಸ್ತಿ ಮಾಡಿಸುವುದು ಮೇಲು.

ಪ್ರಶ್ನೆ: ಎರಡು ಸ್ಟ್ರೋಕ್ ಗಾಡಿಯಲ್ಲಿ ಇನ್ನೊಂದು ತೆಳುವಾದ ಪೈಪ್ ಇದೆ.

ಟೂಟಿ (2ಟಿ, ಅಂದರೆ ಎರಡು ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಟ್ಯಾಂಕ್ ಮತ್ತು ಪಂಪ್ ಇರುವ ಗಾಡಿಗಳಲ್ಲಿ ಅದು ಆಯಿಲ್ ಪೈಪ್. ಅದನ್ನು ಬಿಚ್ಚಿ ಜೋಡಿಸಿದರೆ ಒಳಗಿನ ಗಾಳಿಗುಳ್ಳೆಗಳನ್ನು ಪೂರ್ತಿ ಹೊರಹಾಕಲೇಬೇಕು. ಗುಳ್ಳೆ ಉಳಿದರೆ ಆಯಿಲ್ ತಲುಪದೆ ಪಿಸ್ಟನ್ ಸೀಜ್ ಆಗುತ್ತದೆ. ಗುಳ್ಳೆ ಹೋಗಿದೆಯೆಂಬ ಖಾತರಿ ಆಗುವವರೆಗೆ ಪೆಟ್ರೋಲ್‌ಗೂ ಸ್ವಲ್ಪ ಟೂಟಿ ಆಯಿಲ್ ಬೆರೆಸಿ ಓಡಿಸುವುದು ಕ್ಷೇಮ.

ಪ್ರಶ್ನೆ: ಓವರ್‌ಫ್ಲೋ ಪೈಪ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಬಿರಡೆ ಹಾಕಿ ಮುಚ್ಚಲೇ?

ಬೇಡ. ನೀಡಲ್ ಕೂರುತ್ತಿಲ್ಲ ಅಥವಾ ಫ್ಲೋಟ್ ತೂತಾಗಿದೆ ಎಂಬುದನ್ನು ಆ ಪೈಪ್ ತಿಳಿಸುತ್ತಿದೆ. ಮುಚ್ಚಿದರೆ ಅದೇ ಪೆಟ್ರೋಲ್ ಇಂಜಿನ್ ಒಳಗೆ ಹೋಗುತ್ತದೆ.

ಪ್ರಶ್ನೆ: ಎಲ್ಲ ಜೋಡಿಸಿಯಾಯಿತು. ಸ್ಟಾರ್ಟ್ ಮಾಡಬಹುದೇ?

ಬ್ಯಾಟರಿ ತಂತಿ ಹಾಕುವ ಮೊದಲು ಕಾಕ್ ತೆರೆದು, ವ್ಯಾಕ್ಯೂಮ್ ಕಾಕ್ ಆದರೆ ಪ್ರೈಮ್‌ಗೆ ತಿರುಗಿಸಿ, ಇಂಜಿನ್ ಕೆಳಗೆ ಹಳೆಯ ದಿನಪತ್ರಿಕೆ ಹರಡಿ ಹತ್ತು ನಿಮಿಷ ಬಿಡಿರಿ. ಪೆಟ್ರೋಲ್ ಬೇಗ ಆರಿಹೋಗುವುದರಿಂದ ಪೈಪ್ ಮೇಲೆ ಕಾಣದ ಜಿನುಗು ಕಾಗದದ ಮೇಲೆ ಕಲೆಯಾಗಿ ಕಾಣಿಸುತ್ತದೆ. ಪ್ರತಿ ಜೋಡಣೆಯ ಅಡಿಯನ್ನು ಒಣ ಬೆರಳಿನಿಂದ ಮುಟ್ಟಿ ಮೂಸಿ ನೋಡಿರಿ. ಒಣಗಿದ್ದರೆ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ, ಪ್ರೈಮ್‌ನಿಂದ ಆನ್‌ಗೆ ತಂದು, ಇಂಜಿನ್ ಪೂರ್ತಿ ಕಾದ ಮೇಲೆ ಇನ್ನೊಮ್ಮೆ ನೋಡಬೇಕು; ತಣ್ಣಗಿದ್ದಾಗ ಬಿಗಿಯಿದ್ದ ಜೋಡಣೆ ಕಾವಿಗೆ ಸಡಿಲಗೊಳ್ಳಬಹುದು. ಮೊದಲ ವಾರ ಗಾಡಿಯನ್ನು ಮನೆಯೊಳಗೆ ನಿಲ್ಲಿಸದೆ ಹೊರಗೇ ನಿಲ್ಲಿಸಿರಿ.

ಪ್ರಶ್ನೆ: ಪೈಪ್‌ಗಳನ್ನು ಎಷ್ಟು ಕಾಲಕ್ಕೆ ಬದಲಿಸಬೇಕು?

ಬಿಸಿಲಿಗೆ ನಿಲ್ಲುವ, ಇ20 ಕುಡಿಯುವ ಗಾಡಿಯಾದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವುದು ವಿವೇಕ. ಅದಕ್ಕೆ ಮೊದಲೇ ಪೈಪನ್ನು ಬೆರಳಿಗೆ ಸುತ್ತುವಂತೆ ಬಗ್ಗಿಸಿದಾಗ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಕಂಡರೆ, ಒತ್ತಿದಾಗ ಮೆತ್ತಗೆ ಅಂಟಂಟಾಗಿದ್ದರೆ, ಅಥವಾ ಕ್ಲಿಪ್ ಸರಿಸಿದಾಗ ಅದರ ಅಚ್ಚು ಹಾಗೆಯೇ ಉಳಿದರೆ ಕಾಯಬೇಡಿರಿ. ವ್ಯಾಕ್ಯೂಮ್ ಪೈಪ್‌ನಲ್ಲಿ ಹಾಳಾಗುವುದು ಹೆಚ್ಚಾಗಿ ತುದಿಗಳು ಮಾತ್ರ. ಉದ್ದ ಸಾಲುವುದಾದರೆ ಸೀಳಿದ ತುದಿಯನ್ನು ಅರ್ಧ ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಬಹುದು. ಪೆಟ್ರೋಲ್ ಪೈಪ್‌ನಲ್ಲಿ ಆ ಉಳಿತಾಯ ಬೇಡ, ಪೂರ್ತಿ ಹೊಸದನ್ನೇ ಹಾಕಿರಿ.